ಮುಖ ನಮ್ಮದು, ಚೀಟಿ ಯಾರದು?



ಹಿರಿಯರ ಹಬ್ಬಕ್ಕೆ ಊರಿಗೆ ಹೋಗುತ್ತೀರಲ್ಲ, ಕೂಡ್ಲಿಗಿಗೋ ಕೊಟ್ಟೂರಿಗೋ ಹಡಗಲಿಗೋ, ಅಂದು ಮನೆಯಲ್ಲಿ ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ತೀರಿಕೊಂಡ ಅಜ್ಜನ ಫೋಟೋ ಇಳಿಸಿ, ಒರೆಸಿ, ಕುಂಕುಮ ಹಚ್ಚಿ ಗೋಡೆಗೆ ಒರಗಿಸುತ್ತಾರೆ. ಮುಂದೆ ಹೊಸ ಧೋತರ, ಎಡೆ. ಅಜ್ಜ ಬೀಡಿ ಸೇದುವವನಾಗಿದ್ದರೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಫೋಟೋದಲ್ಲಿ ಅಜ್ಜ ಮುಖ ಬಿಗಿದುಕೊಂಡು ಕೂತಿದ್ದಾನೆ. ಬೀಡಿಕಟ್ಟು ನೋಡಿದ ಕೂಡಲೇ ಅವನ ಕೆಮ್ಮು ಕೇಳಿಸುತ್ತದೆ.

ಇದೇ ಕೆಲಸವನ್ನು ಗ್ಯಾಲರಿಯಲ್ಲಿ ಮಾಡಿದರೆ ಅದಕ್ಕೆ ಇನ್‌ಸ್ಟಲೇಷನ್ ಎಂದು ಹೆಸರು. ನಮ್ಮ ಕಲಾವಿಮರ್ಶಕರು ‘ಪ್ರತಿಷ್ಠಾಪನಾ ಕಲೆ’ ಎಂದು ಕನ್ನಡ ಮಾಡಿಕೊಂಡಿದ್ದಾರೆ. ಗಣಪತಿ ಕೂರಿಸಿದ ಹಾಗೆ ಕೇಳಿಸುತ್ತದೆ, ಇರಲಿ. ‘ಅದೆಲ್ಲ ನಮಗೆ ಅರ್ಥವಾಗದ ಫಾರಿನ್ ಕಲೆ’ ಎಂದು ನಿಮಗೆ ಹೇಳಿದವರು ಯಾರು? ಅಜ್ಜಿಯನ್ನು ಕೇಳಿ, ಅವಳಿಗೆ ಅರ್ಥವಾಗುತ್ತದೆ.

ಈಗ ಒಂದು ಹೆಸರು ಹೇಳುತ್ತೇವೆ: ಎನ್.ಎಸ್. ಹರ್ಷ. ಎಷ್ಟು ಜನ ಕೇಳಿದ್ದೀರಿ, ಕೈ ಎತ್ತಿ. ಪರಭಾಷಾ ಸಿನಿಮಾ ನಟರ ಹುಟ್ಟುಹಬ್ಬ ಬಾಯಿಪಾಠ ಇರುವ ನಿಮಗೆ ಮೈಸೂರಿನ ಈ ಚಿತ್ರಕಾರ ಗೊತ್ತಿರಬೇಕಿತ್ತು. 1969ರಲ್ಲಿ ಹುಟ್ಟಿದವರು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಕಲಿತು, ಬರೋಡಕ್ಕೆ ಹೋಗಿ ಓದಿ, ಮೈಸೂರಿಗೇ ವಾಪಸು ಬಂದು ಕೆಲಸ ಮಾಡುತ್ತಿರುವವರು. 2008ರಲ್ಲಿ ವೇಲ್ಸ್ ದೇಶದ ಆರ್ಟೆಸ್ ಮುಂಡಿ ಬಹುಮಾನ ಬಂತು. 2017ರಲ್ಲಿ ಟೋಕಿಯೋದ ಮೋರಿ ಆರ್ಟ್ ಮ್ಯೂಸಿಯಂ, 53ನೇ ಅಂತಸ್ತಿನಲ್ಲಿ, ಇವರೊಬ್ಬರದೇ ದೊಡ್ಡ ಪ್ರದರ್ಶನ ಏರ್ಪಡಿಸಿತು.

ಅಲ್ಲಿ ಜಪಾನಿನವರು ನೋಡಿದ್ದೇನು? ಒಂದು ಚಿತ್ರದಲ್ಲಿ ಎರಡು ಸಾವಿರದಷ್ಟು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದಾರೆ. ಚಿತ್ರದ ಹೆಸರು, ಕನ್ನಡದಲ್ಲಿ ಹೇಳುವುದಾದರೆ, ‘ಬನ್ನಿ, ನಮಗೊಂದು ಭಾಷಣ ಮಾಡಿ’. ಸಣ್ಣ ಸಣ್ಣ ಆಕೃತಿಗಳು, ಆದರೆ ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ಮುದುಕರು, ಮಕ್ಕಳು, ತೂಕಡಿಸುವವರು. ಭಾಷಣಕಾರ ಮಾತ್ರ ಚಿತ್ರದಲ್ಲೇ ಇಲ್ಲ. ಹರಪನಹಳ್ಳಿಯವರಿಗೆ ಇದನ್ನು ವಿವರಿಸಬೇಕೇ? 1997ರಲ್ಲಿ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದರು, 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು, 2021ರಲ್ಲಿ ವಿಜಯನಗರ ಜಿಲ್ಲೆ ಎಂದರು. ಪ್ರತಿ ಸಲವೂ ಕುರ್ಚಿ ಹಾಕಿದ್ದರು, ಪ್ರತಿ ಸಲವೂ ಭಾಷಣವಿತ್ತು.

ಅದೇ ಪ್ರದರ್ಶನದ ಇನ್ನೊಂದು ಕೃತಿ ‘ನೇಷನ್ಸ್’, 2007ರದು. 190ಕ್ಕೂ ಹೆಚ್ಚು ಹೊಲಿಗೆ ಮಶೀನುಗಳು, ಕಾಲಲ್ಲಿ ತುಳಿಯುವಂಥವು. ಒಂದೊಂದರ ಮೇಲೂ ಒಂದೊಂದು ದೇಶದ ಬಾವುಟ ಬರೆದ ಬಟ್ಟೆ. ದಾರಗಳು ಒಂದಕ್ಕೊಂದು ತೊಡಕು ಬಿದ್ದಿವೆ. ಒಂದು ಮಶೀನಿನ ಮುಂದೆಯೂ ಮನುಷ್ಯರಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಗೋಡೆಯ ಮೇಲೆ ಕುರ್ಚಿ ತುಂಬ ಮುಖಗಳು, ನೆಲದ ಮೇಲೆ ಮುಖವಿಲ್ಲದ ಮಶೀನುಗಳು. ಆ ಖಾಲಿ ಜಾಗದಲ್ಲಿ ಕೂರುವವರು ಯಾರು? ಟೋಕಿಯೋದವರು ಜಾಗತೀಕರಣ ಎಂದು ಓದಿಕೊಂಡಿರಬಹುದು. ನಿಮಗೆ ಹಾಗಲ್ಲ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಬಂದು, ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸು ಎಂದು ಲೆಕ್ಕ ಕೊಟ್ಟು ಹೊಲಿಯುವ ನಿಮ್ಮ ಅಕ್ಕನ ಮುಖ ಅಲ್ಲಿ ಕಾಣುತ್ತದೆ. ಆ ಕೃತಿಯನ್ನು ಮೊದಲು ಅವಳಿಗೆ ತೋರಿಸಬೇಕಿತ್ತು.

ತೋರಿಸಲು ಕರೆದುಕೊಂಡು ಹೋದರೆ ಆಗುವುದೇನು? ನಾವು ಒಮ್ಮೆ ಬೆಂಗಳೂರಿನ ಒಂದು ಗ್ಯಾಲರಿಗೆ ಹೋಗಿದ್ದೆವು, ಹೆಸರು ಬೇಡ. ಗೋಡೆ ತುಂಬ ನಮ್ಮ ಕಡೆಯ ರೈತರ, ಲಂಬಾಣಿ ಹೆಂಗಸರ ಮುಖಗಳು, ಉಸಿರಾಡುವಂತಿದ್ದವು. ಪಕ್ಕದ ಚೀಟಿಗಳೆಲ್ಲ ಇಂಗ್ಲಿಷು, ಅದೂ ಇಂಗ್ಲಿಷ್ ಬಲ್ಲವನೂ ತಲೆ ಕೆರೆದುಕೊಳ್ಳುವ ಇಂಗ್ಲಿಷು. ಇಡೀ ಹಾಲಿನಲ್ಲಿ ಕನ್ನಡದಲ್ಲಿದ್ದದ್ದು ಒಂದೇ ಬರಹ: ‘ಮುಟ್ಟಬಾರದು’. ಅಂದರೆ ಕನ್ನಡಿಗನಿಗೆ ಹೇಳಬೇಕಾದದ್ದು ಅಷ್ಟೇ!

ಅಂಗಡಿ ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದಕ್ಕಾಗಿ ಬೀದಿಗಿಳಿದವರು ನೀವೇ. ಸಂತೋಷ. ಆದರೆ ಬೋರ್ಡು ಬಾಗಿಲ ಹೊರಗಿನದು. ಒಳಗೆ ಚಿತ್ರದ ಪಕ್ಕದ ಅಂಗೈಯಗಲದ ಚೀಟಿಗೆ ಯಾವ ಹೋರಾಟವಾಯಿತು? ಅಲ್ಲಿ ಕಲ್ಲು ಬೇಡ, ಘೋಷಣೆಯೂ ಬೇಡ. ಒಳಗೆ ಹೋಗಿ, ನಿಧಾನವಾಗಿ ನೋಡಿ, ಅಭಿಪ್ರಾಯ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದು ಬನ್ನಿ: ‘ಚಿತ್ರ ಚೆನ್ನಾಗಿದೆ, ಚೀಟಿ ಕನ್ನಡದಲ್ಲೂ ಇರಲಿ’. ಒಬ್ಬ ಬರೆದರೆ ನಗುತ್ತಾರೆ. ನೂರು ಜನ ಬರೆದರೆ ಪ್ರಿಂಟರ್ ಹುಡುಕುತ್ತಾರೆ. ಕಲಾವಿದರ ಮೇಲೆ ಮಾತ್ರ ಹರಿಹಾಯಬೇಡಿ. ಚೀಟಿ ಬರೆಸುವವರು ಬಹಳ ಸಲ ಅವರಲ್ಲ.

ಎರಡನೆಯ ಮಾತು ಊರಿನದು. ಕುಮಾರಕೃಪಾ ರಸ್ತೆಯ ಚಿತ್ರಸಂತೆ 2003ರಿಂದ ನಡೆಯುತ್ತಿದೆ, ಲಕ್ಷಾಂತರ ಜನ ಸೇರುತ್ತಾರೆ. ಕೊಟ್ಟೂರು ಬಸವೇಶ್ವರನ ತೇರಿಗೆ, ಮೈಲಾರದ ಕಾರ್ಣಿಕಕ್ಕೆ ಸೇರುವ ಜನ ಕಡಿಮೆಯೇ? ಕಂಬಳಿ ಹೊದ್ದ ಗೊರವಯ್ಯ ಬಿಲ್ಲೇರಿ ನಿಂತಾಗ ಲಕ್ಷ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ನೋಡುವುದು ಹೇಗೆಂದು ಆ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಜಾತ್ರೆಯ ನಾಲ್ಕು ದಿನ ಶಾಲೆಯ ಎರಡು ಕೋಣೆ ಸಿಕ್ಕರೆ ಸಾಕು: ಒಂದರಲ್ಲಿ ಊರಿನವರ ಮುಖಚಿತ್ರ, ಇನ್ನೊಂದರಲ್ಲಿ ಅವರ ಕೂರಿಗೆ, ಹೊಲಿಗೆ ಮಶೀನು, ಗುಳೆ ಹೋದಾಗಿನ ಬಸ್ ಟಿಕೆಟ್ಟು. ಬಿಡಿಸಲು ಹುಡುಗರಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ, ಲಲಿತಕಲಾ ಅಕಾಡೆಮಿಯೂ ಇದೆ.

ಹಗರಿಬೊಮ್ಮನಹಳ್ಳಿಯ ಗೆಳೆಯರು ಅರ್ಜಿಯ ಕರಡು ಬರೆಯುತ್ತೇವೆಂದು ಒಪ್ಪಿದ್ದಾರೆ. ಉಳಿದ ನಾಲ್ಕು ತಾಲ್ಲೂಕಿನವರು ಸಹಿಗೆ ಹೆಸರು ಕಳಿಸಿ. ಜಾತ್ರೆಗೆ ಎರಡು ತಿಂಗಳು ಮೊದಲೇ ಅರ್ಜಿ ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿ ತಲುಪಬೇಕು.