ಖಾಲಿ ಕುರ್ಚಿಯನ್ನು ಗೆದ್ದವರು

2011ರ ಅಕ್ಟೋಬರಿನಲ್ಲಿ ಅಮೆರಿಕದ ಕ್ರೈಸ್ತ ತತ್ತ್ವಜ್ಞಾನಿ ವಿಲಿಯಂ ಲೇನ್ ಕ್ರೇಗ್ ಆಕ್ಸ್‌ಫರ್ಡಿನಲ್ಲಿ ಖಾಲಿ ಕುರ್ಚಿಯೊಂದರ ಎದುರು ಮಾತಾಡಿದರು. ಕುರ್ಚಿ ನಾಸ್ತಿಕ ರಿಚರ್ಡ್ ಡಾಕಿನ್ಸರದು. ಅವರು ವಾದಕ್ಕೆ ಒಲ್ಲೆ ಎಂದಿದ್ದರು. ಡಾಕಿನ್ಸ್ ಬಹುಶಃ ಇಲ್ಲವೇ ಇಲ್ಲ ಎಂದು ಊರಿನ ಬಸ್ಸುಗಳ ಮೇಲೆ ಜಾಹೀರಾತೂ ಬಂತು. ತಮಾಷೆಯೇನೋ ಚೆನ್ನಾಗಿತ್ತು. ಆದರೆ ಡಾಕಿನ್ಸ್ ಕೊಟ್ಟ ಕಾರಣ ತಮಾಷೆಯದಲ್ಲ. ಕಾನಾನ್ಯರನ್ನು ಮಕ್ಕಳುಮರಿ ಸಮೇತ ಕೊಲ್ಲಿರೆಂಬ ಹಳೆ ಒಡಂಬಡಿಕೆಯ ದೇವಾಜ್ಞೆಯನ್ನು ಕ್ರೇಗ್ ಸಮರ್ಥಿಸಿದ್ದರು: ಸತ್ತ ಮಕ್ಕಳು ಸ್ವರ್ಗಕ್ಕೇ ಹೋದವಲ್ಲ, ಅವಕ್ಕೇನು ಅನ್ಯಾಯ?

ಬಗ್ ಬಂದರೆ ‘ಡಿಸೈನೇ ಹಾಗಿದೆ’ ಎಂದು ಬರೆದು ಟಿಕೆಟ್ ಮುಚ್ಚುವವರನ್ನು ನಾವೆಲ್ಲ ಕಂಡಿದ್ದೇವೆ. ಇದೂ ಅದೇ ಜಾಣತನ.

ಡಾಕಿನ್ಸ್ ದೇವತಾಶಾಸ್ತ್ರ ಓದದೆ ಬರೆದರೆಂದು ಟೆರ್ರಿ ಈಗಲ್ಟನ್ 2006ರಲ್ಲೇ ಜಾಡಿಸಿದ್ದು ನ್ಯಾಯವೇ. ವಿಶ್ವಕ್ಕೆ ಆರಂಭವಿದ್ದರೆ ಕಾರಣವೂ ಇರಬೇಕೆಂಬ ಕ್ರೇಗರ ವಾದವೂ (ಅಲ್ ಗಜಾಲಿಯಂಥ ಮುಸ್ಲಿಂ ಚಿಂತಕರಿಂದ ಬಂದದ್ದು) ಹಗುರವಲ್ಲ. ಆದರೆ ಆ ಕಾರಣ ಎಳೆಗೂಸನ್ನೂ ಕೊಲ್ಲಿಸಬಹುದು ಎಂದಮೇಲೆ ಅದಕ್ಕೆ ಕೈಮುಗಿಯುವುದು ಯಾಕೆ?

ದಸ್ತಯೇವ್‌ಸ್ಕಿ ಕ್ರೈಸ್ತನೇ. 1878ರಲ್ಲಿ ಮೂರು ತುಂಬದ ಮಗ ಅಲ್ಯೋಶನನ್ನು ಕಳೆದುಕೊಂಡ. ಮುಂದೆ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಮಕ್ಕಳ ನೋವಿನ ಪ್ರಶ್ನೆಯನ್ನು ಇವಾನನ ಬಾಯಲ್ಲಿ ಹಾಕಿದ. ಡಾಕಿನ್ಸರಿಗೂ ಅಷ್ಟು ಬಿಗಿಯಾಗಿ ಕೇಳಲಾಗಿಲ್ಲ. ಎದುರಿಗೆ ಕೂತವನು ಮಠ ಸೇರಿದ ತಮ್ಮ, ಅವನ ಹೆಸರೂ ಅಲ್ಯೋಶ. ಪುಟ್ಟ ಹುಡುಗನ ಮೇಲೆ ಬೇಟೆನಾಯಿಗಳನ್ನು ಛೂ ಬಿಟ್ಟ ಜನರಲ್‌ನನ್ನು ಏನು ಮಾಡಬೇಕೆಂದು ಅಣ್ಣ ಕೇಳುತ್ತಾನೆ. ಅಲ್ಯೋಶ ಸ್ವರ್ಗದ ಮಾತೆತ್ತುವುದಿಲ್ಲ. ಗುಂಡಿಕ್ಕಬೇಕು ಎಂದುಬಿಡುತ್ತಾನೆ.