ಕೈಯ ನೇರವೂ ಹಳಿಯ ನೇರವೂ

ಕಳೆದ ಬೇಸಗೆಯ ರಜೆಯಲ್ಲಿ ಹಳೆಯ ಗಿಟಾರೊಂದನ್ನು ದುರಸ್ತಿ ಮಾಡಹೊರಟು ಅದರ ದಂಡಿಯನ್ನೇ ಕೆಡಿಸಿದೆನು. ಬೆರಳುಗಳು ಓಡಾಡುವ ಹಲಗೆಯಿಂದ ಲೋಹದ ಮೆಟ್ಟಿಲುಗಳನ್ನು ಕಿತ್ತು, ಮರದ ತುಂಡೊಂದಕ್ಕೆ ಮರಳುಕಾಗದವನ್ನು ಸುತ್ತಿ, ಅರ್ಧ ದಿನ ಶ್ರದ್ಧೆಯಿಂದ ಉಜ್ಜಿದೆನು. ಕಡೆಗೆ ಉಕ್ಕಿನ ಅಳತೆಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿದರೆ, ಹಲಗೆಯ ನಡು ಉಬ್ಬಿ ಎರಡು ತುದಿಗಳೂ ತಗ್ಗಿದ್ದುವು. ವರ್ಷವರ್ಷವೂ ಸನ್ನೆಯ ನಿಯಮವನ್ನು ಪಾಠ ಹೇಳುವವನ ಕೆಲಸವಿದು!

ಕಾರಣ ಸರಳವಾದುದು. ಉಜ್ಜುವ ತುಂಡು ಹಲಗೆಯ ತುದಿಯನ್ನು ದಾಟಿ ಹೊರಚಾಚಿದಾಗ ಅದನ್ನು ಹೊರುವ ಮರ ಕಡಮೆಯಾಗುತ್ತದೆ. ಕೈಯ ಒತ್ತಡವೆಲ್ಲ ಅಂಚಿನ ಮೇಲೆ ಬೀಳುತ್ತದೆ. ಹೀಗಾಗಿ ಸಾರಿ ಸಾರಿಗೂ ತುದಿಯೇ ಹೆಚ್ಚು ಸವೆಯುತ್ತದೆ. ಇಲ್ಲಿ ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ತಪ್ಪೂ ದೊಡ್ಡದೇ. ತಂತಿ ಮುಂದಿನ ಮೆಟ್ಟಿಲಿಗೆ ತಗುಲಿ ಗಿರಗುಟ್ಟಬಹುದು. (ನಮ್ಮ ವೀಣೆಗೆ ಈ ಸಂಕಟವಿಲ್ಲ. ಅದರ 24 ಮೆಟ್ಟಿಲುಗಳು ಮೇಣದಲ್ಲಿ ಕುಳಿತಿರುತ್ತವೆ. ಮರದ ಕೊರತೆಯನ್ನು ಮೇಣ ತುಂಬಿಕೊಡುತ್ತದೆ. ಗಿಟಾರಿನ ಮೆಟ್ಟಿಲು ಮರದ ಸೀಳಿನಲ್ಲೇ ನಾಟಿಕೊಂಡಿರುವುದರಿಂದ ಅಲ್ಲಿ ಮರವೇ ನಿಖರವಾಗಿರಬೇಕು.)

ಬಲ್ಲ ಕುಶಲಿಗಳು ಕೈಯನ್ನಷ್ಟೇ ನಂಬುವುದಿಲ್ಲ, ಜಿಗ್ ಕಟ್ಟುತ್ತಾರೆ. ಹತ್ಯಾರು ಹೋಗಬೇಕಾದ ದಾರಿಯಲ್ಲಿ ಮಾತ್ರ ಹೋಗುವಂತೆ ಕಟ್ಟಿಹಾಕುವ ಚೌಕಟ್ಟೇ ಜಿಗ್. ಯಾವ ನಿರ್ಬಂಧವೂ ಇಲ್ಲದ ಘನವಸ್ತುವಿಗೆ ಆರು ಬಗೆಯ ಚಲನೆ ಸಾಧ್ಯ: ಮೂರು ದಿಕ್ಕುಗಳಲ್ಲಿ ಜಾರುವುದು, ಮೂರು ಅಕ್ಷಗಳ ಸುತ್ತ ತಿರುಗುವುದು. ದಂಡಿಯ ಎರಡು ಪಕ್ಕಗಳಲ್ಲಿಯೂ ಅದಕ್ಕಿಂತ ಉದ್ದವಾದ ನೇರ ಹಳಿಗಳನ್ನು ಬಿಗಿದು, ಉಜ್ಜುವ ತುಂಡನ್ನು ಅವುಗಳ ನಡುವೆ ಓಡಿಸಿದರೆ ಒಂದೇ ಚಲನೆ ಉಳಿಯುತ್ತದೆ. ಮರ ತಕ್ಕ ಮಟ್ಟಕ್ಕೆ ಇಳಿದೊಡನೆ ಕೈಯ ಭಾರವನ್ನು ಹಳಿಗಳು ಹೊರುತ್ತವೆ. ಸವೆತ ತಾನಾಗಿ ನಿಲ್ಲುತ್ತದೆ.

ಹಲಗೆ ಅಡ್ಡಲಾಗಿ ಬಾಗಿರಬೇಕಾದರೆ ಜಿಗ್ ಇನ್ನೂ ಸೊಗಸಾದುದು. ದಂಡಿಯನ್ನು ಉಯ್ಯಾಲೆಯಂತೆ ಮೇಲಿನ ಅಚ್ಚಿಗೆ ತೂಗುಹಾಕಿ, ಕೆಳಮುಖವಾದ ಹಲಗೆ ಓಡುವ ಮರಳುಪಟ್ಟಿಗೆ ತಾಗುವಂತೆ ಅತ್ತಿತ್ತ ತೂಗುತ್ತಾರೆ. ಅಚ್ಚಿಗೂ ಪಟ್ಟಿಗೂ ನಡುವಿನ ದೂರವೇ ಬಾಗಿನ ತ್ರಿಜ್ಯ. ಅಚ್ಚಿನ ಒಂದು ತುದಿಯನ್ನು ಇಳಿಸಿದರೆ ಸಿಲಿಂಡರಿಗೆ ಬದಲಾಗಿ ಶಂಕುವಿನ ಮೈ ಬರುತ್ತದೆ. ಬಳಕೆಯಲ್ಲಿರುವ ತ್ರಿಜ್ಯಗಳಲ್ಲೊಂದು 12 ಅಂಗುಲ, ಎಂದರೆ ಸುಮಾರು 305 ಮಿಲಿಮೀಟರು. 50 ಮಿಲಿಮೀಟರು ಅಗಲದ ಹಲಗೆಯಲ್ಲಿ ನಡು ಅಂಚಿಗಿಂತ ಎಷ್ಟು ಎತ್ತರ? ಅರ್ಧ ಅಗಲದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿರಿ: ಸುಮಾರು 1 ಮಿಲಿಮೀಟರು.

ಪ್ರಯೋಗಶಾಲೆಯಲ್ಲಿ ಸ್ಫಿರೋಮೀಟರನ್ನು ಹಿಡಿದವರಿಗೆ ಈ ಲೆಕ್ಕದ ಗುರುತು ಹತ್ತುವುದು. ನನ್ನ ಆಕ್ಷೇಪಣೆಯೂ ಅಲ್ಲಿಯದೇ. ಗಾಜಿನ ಬಾಗಿನ ತ್ರಿಜ್ಯವನ್ನು ನಮ್ಮ ವಿದ್ಯಾರ್ಥಿಗಳು ಮೂರು ಅಂಕಿಗಳವರೆಗೆ ಬರೆಯುತ್ತಾರೆ. ಆ ಬಾಗು ಗಾಜಿಗೆ ಹೇಗೆ ಬಂದಿತೆಂದು ನಾವು ಕೇಳುವುದಿಲ್ಲ. ನಿಖರತೆಯೆಂಬುದು ಪೆಟ್ಟಿಗೆಯಲ್ಲಿ ತುಂಬಿ ಅಂಗಡಿಯಿಂದ ಬರುವ ಪದಾರ್ಥವೆಂದು ಅವರು ತಿಳಿದರೆ ತಪ್ಪು ಅವರದಲ್ಲ, ಕಲಿಸುವ ನಮ್ಮದು.

"ಗಣಕಯಂತ್ರ ನಡೆಸುವ ಯಂತ್ರಗಳಿರುವಾಗ ಈ ಬಡಗಿತನವೇಕೆ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಆ ಯಂತ್ರಗಳೂ ಹಳಿಗಳ ಮೇಲೆಯೇ ಓಡುತ್ತವೆಯಷ್ಟೆ. ಆ ಹಳಿ ನೇರವೆಂದು ಹೇಳುವವರಾರು? ಎರಡು ಮರದ ಪಟ್ಟಿಗಳ ಅಂಚುಗಳನ್ನು ಜೋಡಿಸಿ ದೀಪಕ್ಕೆ ಹಿಡಿದಾಗ ಬೆಳಕು ನುಸುಳದಿದ್ದರೂ ಸಾಲದು. ಒಂದು ಉಬ್ಬಿ ಇನ್ನೊಂದು ತಗ್ಗಿರಬಹುದು. ಮೂರನೆಯದು ಬೇಕು. ಮೂರರಲ್ಲಿ ಯಾವ ಎರಡನ್ನು ಜೋಡಿಸಿದರೂ ಬೆಳಕು ನುಸುಳದಿದ್ದರೆ ಮಾತ್ರ ಮೂರೂ ನೇರ. ಲೋಹದ ಸಮತಲಗಳನ್ನು ಪಡೆಯಲು ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್ 1840ರಲ್ಲಿ ವಿವರಿಸಿದ ಕ್ರಮದ ತಿರುಳೂ ಇದೇ. ಮೊದಲ ನೇರವನ್ನು ಪಡೆಯಲು ಇನ್ನೊಂದು ನೇರದ ವಸ್ತು ಬೇಕಿಲ್ಲ, ಮೂರು ವಕ್ರ ವಸ್ತುಗಳೂ ತಾಳ್ಮೆಯೂ ಇದ್ದರೆ ಆಯಿತು. ಭೌತವಿಜ್ಞಾನದ ವಿದ್ಯಾರ್ಥಿ ಇದಕ್ಕಿಂತ ಬೆರಗಿನ ಸಂಗತಿಯನ್ನು ಮೊದಲ ವರ್ಷದಲ್ಲಿ ಕಂಡಾನೆಂದು ನನಗೆ ತೋರದು.

ಪಾಠದ ಗಂಟೆಗಳು ಸಾಲವೆಂಬುದನ್ನು ಬಲ್ಲೆ. ಆದರೂ ಬರುವ ವರ್ಷ ಸ್ಫಿರೋಮೀಟರಿನ ಪ್ರಯೋಗಕ್ಕೆ ಮುಂಚಿನ ವಾರ ಒಬ್ಬೊಬ್ಬರಿಗೂ ಮೂರು ತೇಗದ ಪಟ್ಟಿಗಳನ್ನು ಕೊಡಬೇಕೆಂದಿದ್ದೇನೆ. ಅದಕ್ಕೆ ಅಂಕಗಳಿಲ್ಲ, ಎಷ್ಟು ಮಂದಿ ಉಳಿಯುವರೋ ನೋಡಬೇಕು. ಅವರ ಪಟ್ಟಿಗಳೇ ಹಳಿಗಳಾಗಲಿ ಎಂದು ನನ್ನ ಗಿಟಾರಿನ ದಂಡಿಯನ್ನು ಹಾಗೆಯೇ ಇರಿಸಿದ್ದೇನೆ.