ಗೋಡೆಗೇರಿದ ಕೌದಿ

ಮನೆಯ ಗೋಡೆ ಬರಿದಾಗಿರಬಾರದೆಂಬುದು ನಮ್ಮ ಕಾಲದ ಹೊಸ ಶಾಸ್ತ್ರ. ಹಿಂದೆ ದೇವರ ಪಟ, ಹಿರಿಯರ ಭಾವಚಿತ್ರ, ಒಂದು ಕ್ಯಾಲೆಂಡರು ಇಷ್ಟಿದ್ದರೆ ಗೋಡೆಯ ಋಣ ತೀರುತ್ತಿತ್ತು. ಈಗ ಅದು ಮನೆಯವರ ಅಭಿರುಚಿಗೆ ಸಾಕ್ಷಿ ನುಡಿಯಬೇಕಾಗಿದೆ. ಈ ಶಾಸ್ತ್ರಕ್ಕೆ ನಾನೂ ತಲೆಬಾಗಿದವನೇ. ಹೊಸ ಮನೆಗೆ ಬಂದ ವರ್ಷ ನಡುಮನೆಗೆಂದು ದೊಡ್ಡದೊಂದು ತೂಗುವಸ್ತ್ರವನ್ನು ತರಿಸಿದೆ. ಅದರ ಮೇಲೆ ಅಚ್ಚಾಗಿದ್ದುದು ವ್ಯಾನ್ ಗೋ 1889ರಲ್ಲಿ ಬರೆದ ನಕ್ಷತ್ರಗಳ ಇರುಳು. ಬಂದವರೆಲ್ಲ ಮೆಚ್ಚಿದರು; ನಾನೂ ನನ್ನ ರಸಿಕತೆಯನ್ನು ಮೆಚ್ಚಿಕೊಂಡೆ.

ಒಂದು ಸಂಜೆ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧವನ್ನು ತೋರಿಸಲು ಬಂದಳು. ಗೋಡೆಯ ಚಿತ್ರದ ವಿಷಯ ಕೇಳಿದಳು. ಪುಸ್ತಕಗಳಲ್ಲಿ ಓದಿದ್ದನ್ನು ಐದು ನಿಮಿಷ ಹೇಳಿದೆ. ನನ್ನ ಬಂಡವಾಳ ಮುಗಿಯಿತು. ಆಮೇಲೆ ಆಕೆ, ತಾನು ಕುಳಿತಿದ್ದ ಟ್ರಂಕಿನ ಮೇಲೆ ಹಾಸಿದ್ದ ಹಳೆಯ ಕೌದಿಯನ್ನು ಸವರುತ್ತ, "ಇದನ್ನು ಹೊಲಿದವರು ಯಾರು ಸರ್?" ಎಂದಳು.

ಹೊಲಿದವಳು ನನ್ನ ಅವ್ವ. ಅವಳು ತೀರಿಕೊಂಡು ಹತ್ತು ವರ್ಷಗಳಾದುವು. ಈ ಹಸಿರು ತುಂಡು ಅಜ್ಜಿಯ ಇಳಕಲ್ಲ ಸೀರೆಯದು. ಈ ಬಿಳಿಯದು ಅಪ್ಪನ ಧೋತರದ್ದು. ಈ ಹೂಗಳು ತಂಗಿಯ ಮೊದಲ ಲಂಗದವು. ಹೇಳುತ್ತಲೇ ಹೋದೆ. ದೀಪ ಹಚ್ಚುವ ಹೊತ್ತಾಯಿತು. ಪ್ರಬಂಧವನ್ನು ನೋಡಲಾಗಲೇ ಇಲ್ಲ.

ಆ ರಾತ್ರಿ ನನಗೆ ನಾಚಿಕೆಯಾಯಿತು. ಮನೆ ಬದಲಿಸುವಾಗ ನಿಲುವುಗನ್ನಡಿ ಒಡೆಯದಿರಲೆಂದು ನಾನು ಸುತ್ತಿ ತಂದದ್ದು ಇದೇ ಕೌದಿಯನ್ನು.

ವ್ಯಾನ್ ಗೋನ ಮೇಲೆ ನನ್ನ ದೂರಿಲ್ಲ. ಆತನ ಚಿತ್ರದಲ್ಲಿ ಬಣ್ಣ ದಪ್ಪವಾಗಿ ಎದ್ದು ನಿಂತಿದೆ. ಕುಂಚ ನಡೆದ ದಾರಿ ಕಾಣುತ್ತದೆ. ಯಂತ್ರದಿಂದ ಅಚ್ಚೊತ್ತಿದ ನನ್ನ ಬಟ್ಟೆಯಲ್ಲಿ ಆ ಬಣ್ಣದ ಮೈಯೂ ಇರಲಿಲ್ಲ, ಬಟ್ಟೆಯದೇ ಆದ ಕಲೆಯೂ ಇರಲಿಲ್ಲ. ಯೂರೋಪಿನವರು ಟ್ಯಾಪೆಸ್ಟ್ರಿ ಎಂದು ಕರೆಯುವ ನೇಯ್ಗೆಯಲ್ಲಿ ಚಿತ್ರವನ್ನು ಬಟ್ಟೆಯ ಮೇಲೆ ಬರೆಯುವುದಿಲ್ಲ. ಹಾಸಿನ ನಡುವೆ ಬಣ್ಣಬಣ್ಣದ ಹೊಕ್ಕು ಓಡಾಡಿದಂತೆ ಬಟ್ಟೆಯೂ ಚಿತ್ರವೂ ಒಟ್ಟಿಗೆ ಹುಟ್ಟುತ್ತವೆ. ಕೌದಿ ನೇಯ್ದದ್ದಲ್ಲ, ಹೊಲಿದದ್ದು. ಆದರೂ ಈ ಒಂದು ಗುಣದಲ್ಲಿ ಅದು ಟ್ಯಾಪೆಸ್ಟ್ರಿಯ ಒಡಹುಟ್ಟು. ಅದರಿಂದ ಚಿತ್ರವನ್ನು ತೆಗೆದರೆ ಬಟ್ಟೆಯೇ ಉಳಿಯದು.

ಕೌದಿ ಬಡತನದ ಉಪಾಯ, ಕಲೆಯಲ್ಲ ಎನ್ನುವವರಿದ್ದಾರೆ. ಅವರು ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳನ್ನು ನೋಡಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಇವರು ಅಂಚಿನಿಂದ ತೊಡಗಿ ನಡುವಿನತ್ತ ಹೊಲಿಯುತ್ತ ಬರುತ್ತಾರೆ. ಮೂಲೆಗಳಿಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿದ 'ಫುಲ'ಗಳನ್ನು ಕೂಡಿಸುತ್ತಾರೆ. ಫುಲವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಚಳಿಯನ್ನು ತಡೆಯಲು ಫುಲ ಬೇಕಿಲ್ಲ. ಬೇಕಿಲ್ಲದ್ದನ್ನು ಬಿಡಲಾರೆನೆಂದು ಕೈ ಹಟ ಹಿಡಿಯುವಲ್ಲಿಯೇ ಕಲೆ ಹುಟ್ಟುವುದಲ್ಲವೆ? ಈ ಕೌದಿಗಳು ವಿದೇಶದ ಪ್ರದರ್ಶನಾಲಯಗಳ ಗೋಡೆಗಳನ್ನೂ ಏರಿವೆ. ನಮ್ಮ ಗೋಡೆಗಳಿಗೆ ಮಾತ್ರ ಅವು ಏಕೆ ಬೇಡವಾದುವು?

ಹೀಗೆಂದುಕೊಂಡು ಅವ್ವನ ಕೌದಿಯನ್ನು ಗೋಡೆಗೆ ಏರಿಸಿದೆ. ತಂಗಿ ಬಂದವಳು ನೋಡಿ, "ಅವ್ವ ಹೊದೆಯಲಿಕ್ಕೆ ಹೊಲಿದಳು, ನೀನು ಫೋಟೋ ಮಾಡಿ ನಿಲ್ಲಿಸಿದೆ" ಎಂದಳು. ಆ ಮಾತು ನಾಟಿತು. ಮುಟ್ಟುವುದನ್ನು ಬಿಟ್ಟ ಬಟ್ಟೆ ಹಾರ ಹಾಕಿದ ಭಾವಚಿತ್ರಕ್ಕಿಂತ ಹೆಚ್ಚಿನದಲ್ಲ. ಆದರೆ ದಿನವೂ ಹೊದೆದರೆ ಸವೆದು ಹೋಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವುದು ಹೇಗೆ?

ಉತ್ತರ ನನಗೆ ದೊರೆತದ್ದು ದೂರದ ಫ್ರಾನ್ಸಿನಲ್ಲಿ. ಅಲ್ಲಿಯ ಬಾಯೋ ಪಟ್ಟಣದ ಹೆಸರಿನ ಟ್ಯಾಪೆಸ್ಟ್ರಿ ಲೋಕಪ್ರಸಿದ್ಧ. ನಿಜದಲ್ಲಿ ಅದೂ ನೇಯ್ಗೆಯಲ್ಲ. ನಾರುಬಟ್ಟೆಯ ಮೇಲೆ ಉಣ್ಣೆಯ ನೂಲಿನಿಂದ ಮಾಡಿದ ಕಸೂತಿ. ಸುಮಾರು 70 ಮೀಟರು ಉದ್ದ, ಅರ್ಧ ಮೀಟರು ಅಗಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಕಥೆ ಅದರ ಮೇಲಿದೆ. ವರ್ಷಕ್ಕೊಮ್ಮೆ ಹಬ್ಬದ ದಿನಗಳಲ್ಲಿ ಅದನ್ನು ಚರ್ಚಿನೊಳಗೆ ತೂಗುಹಾಕುತ್ತಿದ್ದರೆಂದು 1476ರ ದಾಖಲೆ ತಿಳಿಸುತ್ತದೆ. ಒಂಬತ್ತು ಶತಮಾನ ಅದು ಬಾಳಿದ್ದಕ್ಕೆ ಈ ಮಿತವೂ ಒಂದು ಕಾರಣವೆಂದು ನನ್ನ ನಂಬಿಕೆ. ಬೆಳಕು ಬಟ್ಟೆಯ ಬಣ್ಣವನ್ನು ಕುಡಿಯುತ್ತದೆ. ತೂಕ ನೂಲನ್ನು ಎಳೆಯುತ್ತದೆ. ಇನ್ನೊಂದು ಮಾತು: ಸದಾ ಗೋಡೆಯ ಮೇಲಿರುವುದು ಕೆಲವು ದಿನಗಳಲ್ಲಿ ಕಣ್ಣಿಗೇ ಬೀಳುವುದಿಲ್ಲ.

ಆದ್ದರಿಂದ ನಾನೀಗ ಒಂದು ಕ್ರಮ ಮಾಡಿಕೊಂಡಿದ್ದೇನೆ. ಕೌದಿಯ ಬೆನ್ನಿಗೆ ಮೇಲಂಚಿನುದ್ದಕ್ಕೂ ಒಂದು ಬಟ್ಟೆಯ ಪಟ್ಟಿಯನ್ನು ಹೊಲಿಸಿ, ಅದರೊಳಗೆ ಕೋಲು ತೂರಿಸಿದ್ದೇನೆ. ಮೊಳೆ ಬಟ್ಟೆಯನ್ನು ಮುಟ್ಟುವುದಿಲ್ಲ. ಬಿಸಿಲು ಬೀಳದ ಗೋಡೆಯನ್ನೇ ಆರಿಸಿದ್ದೇನೆ. ಅವ್ವನ ಕೌದಿಯಿಲ್ಲದವರು ಹೊಲಿಯುವ ಕೈಗೆ ತಕ್ಕ ಬೆಲೆ ಕೊಟ್ಟು ಒಂದನ್ನು ತರಲಿ. ತರುವಾಗ ಆ ಕೈಯ ಹೆಸರನ್ನೂ ಕೇಳಿಕೊಂಡು ಬರಲಿ. ಗೋಡೆಯ ಮೇಲಿರುವುದು ಯಾರದೆಂದು ಮಗು ಕೇಳಿದರೆ ಹೇಳಲು ಒಂದು ಹೆಸರಿರಬೇಕು.

ಬೇಸಗೆಯಲ್ಲಿ ಕೌದಿ ನಮ್ಮ ಗೋಡೆಯ ಮೇಲಿರುತ್ತದೆ. ಮಾಗಿಯ ಚಳಿ ಬಿದ್ದಾಗ ಕೆಳಗಿಳಿಸುತ್ತೇವೆ. ಆ ಕೆಲವು ವಾರ ಗೋಡೆ ಬರಿದಾಗಿರುತ್ತದೆ. ಬಂದವರು ಏಕೆಂದು ಕೇಳಿದರೆ, ಮಕ್ಕಳು ಹೊದ್ದು ಮಲಗಿದ್ದಾರೆ ಎನ್ನುತ್ತೇನೆ.